ಸಿದ್ದಲಿಂಗೇಶನ ಲಾನು ಮತ್ತೆ ಹಸಿರಾದದ್ದು

— ಕಾಲ ಇಡಬ್ಯಾಡ್ರಿ ಅಂದ್ನಲ್ಲ ಒಮ್ಮೆ.

— ನನ್ನ ಲಾನಿನ ಮ್ಯಾಲ ನಾ ಕಾಲ ಇಡಬಾರದು?

— ಇಡಬಾರದು. ಸದ್ಯಕ್ಕ ಇಡಬಾರದು.

— ಯಾಕ, ಮೈಲಿಗಿ ಆಗ್ತೈತೇನು?

— ಧೂಳ ಆಗ್ತೈತಿ. ಮುಂಡರಗಿ ಬಸ್ಸಿನ ಧೂಳೆಲ್ಲ ನಿಮ್ಮ ಬೂಟಿಗೆ ಮೆತ್ತೈತಿ. ಹಿತ್ತಲ ಬಾಗಲಕ್ಕ ಸುತ್ತಿ ಬರ್ರಿ, ಕೈಕಾಲ ತೊಳಕೋರಿ, ಉಣ್ರಿ. ಆಮ್ಯಾಲ ಮಾತಾಡೂಣು.

ಕಾಂಚನಾ ಗೇಟಿಗೂ ಲಾನಿಗೂ ನಡುವೆ ಎರಡೂ ಕೈ ಅಗಲಿಸಿ ನಿಂತಿದ್ದಳು. ಗೇಟಿನ ಆಚೆ, ಹೆಗಲಿಗೆ ಚೀಲ ಹಾಕಿಕೊಂಡು ಅವಳ ಗಂಡ ಸಿದ್ದಲಿಂಗೇಶ. ಹಮ್ಮಿಗಿಯ ಅಕ್ಕನ ಮನೆಗೆ ನಾಲ್ಕು ದಿನಕ್ಕೆಂದು ಹೋದವನು ಹದಿನೆಂಟು ದಿನ ಇದ್ದು ಈಗಷ್ಟೇ ಬಸ್ಸಿಳಿದು ಬಂದಿದ್ದ.

ಸಿದ್ದಲಿಂಗೇಶ ಮೂವತ್ತೆರಡು ವರ್ಷ ಕೃಷಿ ಇಲಾಖೆಯಲ್ಲಿ ದುಡಿದು ನಿವೃತ್ತನಾದವನು. ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ ಎಂದು ಊರೂರು ಸುತ್ತಿ, ತನ್ನ ಅಪ್ಪನ ವಯಸ್ಸಿನ ರೈತರಿಗೆಲ್ಲ ಬಿತ್ತುವುದು ಹೇಗೆಂದು ಹೇಳಿಕೊಟ್ಟಿದ್ದ. ಗದಗಿನಲ್ಲಿ ಮನೆ ಕಟ್ಟಿಸಿದಾಗ ಮುಂದುಗಡೆ ಇಪ್ಪತ್ತಡಿ ಉದ್ದ, ಹನ್ನೆರಡಡಿ ಅಗಲದ ಜಾಗ ಬಿಡಿಸಿ ಲಾನು ಬೆಳೆಸಿದ. ಬೆಳೆಸಿದವನು ಅವನು, ನೀರು ಹಾಕುವವಳು, ಕಸ ಕೀಳುವವಳು, ನಾಯಿ ಓಡಿಸುವವಳು ಕಾಂಚನಾ.

ಅವನು ಹಮ್ಮಿಗಿಗೆ ಹೋದ ಐದನೇ ದಿನ ಹುಲ್ಲು ಹಳದಿಗೆ ತಿರುಗಿತ್ತು. ನಳಕ್ಕೆ ನೀರು ಬಂದು ಆಗಲೇ ಎಂಟು ದಿನವಾಗಿತ್ತು. ಕಾಂಚನಾ ಬಟ್ಟೆ ಒಗೆಯುವುದನ್ನು ಮುಂದೂಡಿದಳು, ತಲೆಗೆ ಎರೆದುಕೊಳ್ಳುವುದನ್ನು ಬಿಟ್ಟಳು. ಓಣಿಯ ಕೊನೆಯ ಬೋರಿನಿಂದ ಕೊಡ ಹೊತ್ತು ತಂದು ಸುರಿದಳು. ಏನು ಮಾಡಿದರೂ ಹತ್ತನೇ ದಿನಕ್ಕೆ ಲಾನು ತೆಂಗಿನ ನಾರಿನ ಹಾಗೆ ಒಣಗಿ ನಿಂತಿತು. ಗಂಡ ದಿನಾ ಫೋನ್ ಮಾಡಿ, ಊಟ ಆಯಿತೇ ಎನ್ನುವುದಕ್ಕೂ ಮೊದಲು "ಲಾನ್ ಹೆಂಗೈತಿ?" ಎಂದು ಕೇಳುತ್ತಿದ್ದ. "ಚಂದ ಐತ್ರಿ" ಎಂದು ಇವಳು ಹೇಳುತ್ತಿದ್ದಳು. ಸುಳ್ಳು ಹೇಳಿ ರೂಢಿಯಿಲ್ಲದ ಹೆಂಗಸು. ಉಂಡದ್ದು ಮೈಗೆ ಹತ್ತಲಿಲ್ಲ. ಕೊನೆಗೆ ಎರಡು ಮನೆ ಆಚೆಯ ಅಫ್ರೀನಳ ಮುಂದೆ ಕಷ್ಟ ತೋಡಿಕೊಂಡಳು. ಅಫ್ರೀನ ಮದುವೆ ಮಂಟಪಗಳನ್ನು ಅಲಂಕಾರ ಮಾಡುವವಳು. ಹುಬ್ಬಳ್ಳಿಯಿಂದ ಪ್ಲಾಸ್ಟಿಕ್ ಹುಲ್ಲಿನ ಸುರುಳಿ ತರಿಸಿ, ಒಣಗಿದ್ದನ್ನೆಲ್ಲ ಕೆತ್ತಿಸಿ, ನೆಲ ಸಮ ಮಾಡಿ, ನಿನ್ನೆ ಮಧ್ಯಾಹ್ನ ಚಾಪೆಯಂತೆ ಹಾಸಿ ಅಂಟಿಸಿ ಹೋಗಿದ್ದಳು.

ಗಂಡನಿಗೆ ಹೇಳಬಾರದೆಂದೇನೂ ಕಾಂಚನಾಳ ಮನಸ್ಸಿನಲ್ಲಿರಲಿಲ್ಲ. ಅವನು ಉಂಡು ಎಲೆಅಡಿಕೆ ಹಾಕಿಕೊಂಡ ಮೇಲೆ ಹೇಳುವುದು ಎಂದಷ್ಟೇ ಇತ್ತು. ಹಸಿದವನ ಮುಂದೆ ಇಂಥ ಸುದ್ದಿ ಎತ್ತಬಾರದು ಎಂಬುದು ಅವಳ ಮೂವತ್ತನಾಲ್ಕು ವರ್ಷದ ಸಂಸಾರದ ಅನುಭವ.

ಆದರೆ ಸಿದ್ದಲಿಂಗೇಶ ಗೇಟು ಬಿಟ್ಟು ಅಲ್ಲಾಡಲಿಲ್ಲ. ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿ ಮತ್ತೆ ಹಾಕಿಕೊಂಡ.

— ಕಾಂಚನಾ, ನಡುವ ಇದು ಒಣಗಿರ್ಲಿಲ್ಲೇನು?

— ಯಾಕ ಒಣಗ್ತೈತ್ರಿ?

— ಅಲ್ಲ, ಸುಮ್ನ ಕೇಳಿದೆ. ಹಳದಿ ಗಿಳದಿ ಏನರ ಆಗಿತ್ತೇನು ಅಂತ.

— ದಿನಾ ಫೋನಿನ್ಯಾಗ ಹೇಳಿಲ್ಲೇನ್ರಿ, ಚಂದ ಐತಿ ಅಂತ.

— ಹೇಳೀದಿ, ಖರೆ. ಆದ್ರ ಇಂಥಾ ಹಸಿರು ನಾ ನನ್ನ ಸರ್ವೀಸಿನ್ಯಾಗ ನೋಡಿಲ್ಲ. ಏನ್ ಹಾಕಿದಿ?

— ಏನೂ ಹಾಕಿಲ್ಲ.

— ಏನೂ ಹಾಕದ ಹಿಂಗ ಬರೂದಿಲ್ಲ. ಮೂವತ್ತೆರಡು ವರ್ಷ ನಾ ಇಲಾಖ್ಯಾಗ ಕತ್ತೆ ಕಾದಿಲ್ಲ.

— ಅಕ್ಕಿ ತೊಳದ ನೀರು, ಎಂದು ಕಾಂಚನಾಳ ಬಾಯಿಂದ ಜಾರಿಬಿಟ್ಟಿತು.

ಸಿದ್ದಲಿಂಗೇಶ ಚೀಲದಿಂದ ಡೈರಿ ತೆಗೆದ. ಪೆನ್ನಿನ ಟೋಪಿ ಬಿಚ್ಚಿದ.

— ಯಾವ ಅಕ್ಕಿ?

— ರೇಷನ್ ಅಕ್ಕಿ.

— ದಿನಕ್ಕ ಎಷ್ಟು ತಂಬಿಗಿ?

— ನಾ ಒಬ್ಬಾಕಿ ಇದ್ನಿ. ಎಷ್ಟ ಅಕ್ಕಿ ತೊಳೀತೀನ್ರಿ? ಒಂದು ತಂಬಿಗಿ.

— ಒಂದು ತಂಬಿಗ್ಯಾಗ ಇಷ್ಟು ಲಾನ್. ಅವನು ಬರೆದು, ಕೆಳಗೆ ಎರಡು ಗೆರೆ ಎಳೆದ. ಈಗ ನೀರು ಎಷ್ಟು ಕುಡೀತೈತಿ?

— ಈಗ ಒಂದು ಹನೀನೂ ಕುಡಿಯಂಗಿಲ್ರಿ.

ಇದು ನಿಜವೇ ಆಗಿತ್ತು. ನಿಜ ಹೇಳಿದರೂ ನಡೆಯುತ್ತದೆ ಎಂದು ಗೊತ್ತಾದಾಗ ಅವಳಿಗೆ ಉಸಿರಾಡುವುದು ಸ್ವಲ್ಪ ಹಗುರಾಯಿತು.

— ಕತ್ತರಿಸಿದ್ದು ಯಾವಾಗ?

— ನಿನ್ನೆ. ಅಫ್ರೀನ ಕತ್ರೀಲೆ ಕತ್ತರಿಸಿದಳು. ಸುತ್ತಲ ಅಂಚು ಅಷ್ಟ.

— ನಡುವ?

— ನಡುವ ಬೆಳಿಯಂಗಿಲ್ಲ. ಎಷ್ಟು ಐತಿ ಅಷ್ಟ ಇರ್ತೈತಿ.

— ಬೇರು?

— ಬೇರಿಂದು ನಮಗೇನು ತ್ರಾಸ ಇಲ್ಲ ಬಿಡ್ರಿ.

"ಬೆಳವಣಿಗೆ ಸ್ಥಗಿತ, ಹಸಿರು ಸ್ಥಿರ, ಬೇರಿನ ಬಾಧೆ ಕಂಡುಬಂದಿಲ್ಲ" ಎಂದು ಸಿದ್ದಲಿಂಗೇಶ ಕಚೇರಿ ಕನ್ನಡದಲ್ಲಿ ಬರೆದುಕೊಂಡ. ಅಷ್ಟರಲ್ಲಿ ಅಫ್ರೀನ ಅತ್ತಲಿಂದ ಅವಸರದಲ್ಲಿ ಬಂದಳು.

— ಕಾಕೂ, ಪೇರಲ ಗಿಡದ ಕಡೀ ಮೂಲಿ ಕುಂತೈತೇನ್ರಿ? ನಿನ್ನೆ ಸ್ವಲ್ಪ ಎದ್ದಿತ್ತು.

ಉತ್ತರ ಕೊಟ್ಟವನು ಸಿದ್ದಲಿಂಗೇಶ.

— ಹುಲ್ಲು ಎದ್ರ ಚಲೋನ ಅಲ್ಲೇನವಾ?

— ಏಳಬಾರದ್ರಿ ಅಂಕಲ್. ಎದ್ರ ಮಂದಿ ಎಡವಿ ಬೀಳ್ತಾರ.

— ಮಂದಿ ಎಡವಿ ಬೀಳೂವಷ್ಟು ಏಳ್ತೈತಿ?

— ಒಂದೊಂದ್ಸಲ ಬಿಸಲಿಗೆ ಏಳ್ತೈತ್ರಿ. ಮ್ಯಾಲ ಒಂದು ಕಲ್ಲು ಇಟ್ರ ಸುಮ್ನ ಕುಂಡರ್ತೈತಿ.

ಸಿದ್ದಲಿಂಗೇಶ "ಬೆಳವಣಿಗೆ ಸ್ಥಗಿತ" ಎಂಬುದನ್ನು ಹೊಡೆದುಹಾಕಿ, "ಅತಿ ಬೆಳವಣಿಗೆಗೆ ಕಲ್ಲಿನ ಭಾರ" ಎಂದು ತಿದ್ದಿದ. ಅವನ ಬೆನ್ನ ಹಿಂದಿನಿಂದ ಕಾಂಚನಾ ಕಣ್ಣು ದೊಡ್ಡದು ಮಾಡಿ ತಲೆ ಅಲ್ಲಾಡಿಸಿದಳು. ಅಫ್ರೀನಳಿಗೆ ಅರ್ಥವಾಯಿತು. ಒಲೆಯ ಮೇಲೆ ಹಾಲಿಟ್ಟು ಬಂದೆನೆಂದು ಬಂದ ದಾರಿಯಲ್ಲೇ ತಿರುಗಿದಳು.

ಇನ್ನು ಊಟದ ತನಕ ತಡೆದರೆ ಈ ಡೈರಿ ತುಂಬುತ್ತದೆ ಎಂದು ಕಾಂಚನಾಳಿಗೆ ಅನಿಸಿತು.

— ಏನ್ರೀ, ಒಂದು ಮಾತು ಹೇಳೂದಿತ್ತು. ಈ ಹುಲ್ಲು ಐತೆಲ್ಲ...

— ತಡಿ, ವಿರೂಪಾಕ್ಷಪ್ಪಗ ಫೋನ್ ಮಾಡ್ತೀನಿ.

— ಅವರಿಗ್ಯಾಕ್ರಿ?

— ಅಂವ ಕಣ್ಣಾರೆ ನೋಡಬೇಕು. ಅಂವ ನೋಡ್ಲಿಲ್ಲಂದ್ರ ಇದನ್ನ ಯಾರೂ ನಂಬಂಗಿಲ್ಲ.

— ನಾ ಹೇಳೂದು ಕೇಳ್ರಿ ಮೊದಲ.

— ನೀ ಹೇಳೂದೆಲ್ಲ ಬರಕೊಂಡೀನಿ. ಹಲೋ, ಲೇ ವಿರೂಪಾಕ್ಷಿ, ಹಸಿರು ಐತಲೇ. ಹೌದು, ಅದ ಲಾನ್. ಇದ್ದಂಗ ಎದ್ದು ಬಾ.

ವಿರೂಪಾಕ್ಷಪ್ಪ ಅದೇ ಇಲಾಖೆಯಲ್ಲಿ ಅದೇ ವರ್ಷ ನಿವೃತ್ತನಾದವನು. ಬೆಟಗೇರಿಯಲ್ಲಿ ಅವನಿಗೂ ಒಂದು ಮನೆ, ಮನೆಯ ಮುಂದೆ ಒಂದು ಲಾನು. ಹತ್ತು ನಿಮಿಷದಲ್ಲಿ ಸ್ಕೂಟರ್ ತಂದು ಗೇಟಿಗೆ ನಿಲ್ಲಿಸಿದ. ಹೆಲ್ಮೆಟ್ ತೆಗೆದು ಕಂಕುಳಲ್ಲಿಟ್ಟುಕೊಂಡು, ದೇವರ ಮುಂದೆ ನಿಂತವನಂತೆ ಲಾನಿನ ಮುಂದೆ ನಿಂತ.

— ಇದು ಹೆಂಗ ಸಾಧ್ಯ ಲೇ?

— ಅಕ್ಕಿ ತೊಳದ ನೀರು, ಎಂದ ಸಿದ್ದಲಿಂಗೇಶ.

— ಸುಳ್ಳು.

— ಬೇಕಾದ್ರ ಅಕಿನ್ನ ಕೇಳು.

— ವೈನಿ, ಖರೆ ಹೇಳ್ರಿ. ಅಕ್ಕಿ ತೊಳದ ನೀರಿಗೆ ಆ ಎಣ್ಣಿ ಹೆಂಗ ಸೋತಿತು?

— ಯಾವ ಎಣ್ಣಿ? ಎಂದಳು ಕಾಂಚನಾ.

ಸಿದ್ದಲಿಂಗೇಶನಿಗೆ ಕೆಮ್ಮು ಬಂದಿತು.

— ಕೊಬ್ರಿ ಎಣ್ಣಿ. ಅಂವ ಕೊಬ್ರಿ ಎಣ್ಣಿ ಅಂತಾನ.

— ಲಾನಿಗೆ ಕೊಬ್ರಿ ಎಣ್ಣಿ ಯಾರು ಹಾಕ್ತಾರ್ರಿ?

— ಯಾರೂ ಹಾಕಂಗಿಲ್ಲ ವೈನಿ, ಎಂದ ವಿರೂಪಾಕ್ಷಪ್ಪ. ಹೊಲದ ಕಸ ಸಾಯಾಕ ಹೊಡಿಯೂ ಔಷಧದ ಎಣ್ಣೀನೂ ಯಾರೂ ಹಾಕಂಗಿಲ್ಲ. ಇಂವ ಹಾಕ್ಯಾನ.

ಹೇಳಿ ಮುಗಿಸಿ ಗೆಳೆಯನ ಮುಖ ನೋಡಿದ. ನೋಡಿದವನು ಕಂಕುಳಲ್ಲಿದ್ದ ಹೆಲ್ಮೆಟ್ಟನ್ನು ಮೆಲ್ಲಗೆ ತಲೆಗೆ ಹಾಕಿಕೊಂಡ.

ಕಾಂಚನಾ ಗಂಡನ ಕಡೆ ತಿರುಗಿದಳು. ಅವಳ ದನಿ ಏರಲಿಲ್ಲ.

— ಯಾವಾಗ ಹೊಡದ್ರಿ?

— ಹಮ್ಮಿಗಿಗೆ ಹೋಗೂ ಹಿಂದಿನ ದಿನ, ಸಂಜಿಮುಂದ. ನೀ ಸಂತಿಗೆ ಹೋಗಿದ್ದಿ.

— ಯಾಕ?

— ಹುಲ್ಲಿನ ಟಾನಿಕ್ ಅಂತ ತಿಳದು ಹೊಡದೆ. ಎರಡೂ ಬಾಟ್ಲಿ ಒಂದ ನಮೂನಿ ಅದಾವ.

— ಬಾಟ್ಲಿ ಮ್ಯಾಲ ಬರದಿರ್ತಾರಲ್ಲ?

— ಬರದಿರ್ತಾರ.

— ಮತ್ತ?

— ನಾ ಇಲಾಖಿಯಾಂವ. ನನಗ ಓದೂ ಗರ್ಜು ಏನೈತಿ ಅಂತ...

— ಗೊತ್ತಾದದ್ದು ಯಾವಾಗ?

— ಮೂರನೇ ದಿನ. ವಿರೂಪಾಕ್ಷಿ ಫೋನ್ ಮಾಡಿ ಹೇಳಿದ.

— ನಾಕು ದಿನಕ್ಕ ಹ್ವಾದಾವ್ರು ಹದಿನೆಂಟು ದಿನ ಕುಂತ್ರಿ. ಅಕ್ಕಗ ಮೊಣಕಾಲ ನೋವು ಅಂದ್ರಿ.

— ಅಕ್ಕಗ ನೋವು ಐತಿ, ಅದು ಸುಳ್ಳಲ್ಲ. ಹತ್ತು ವರ್ಷದಿಂದ ಐತಿ.

ಕಾಂಚನಾ ಮೆಟ್ಟಿಲ ಮೇಲೆ ಕುಳಿತಳು. ಓಣಿಯ ಕೊನೆಯಿಂದ ಹೊತ್ತು ತಂದ ಕೊಡಗಳು ನೆನಪಾದವು. ಸೊಂಟ ಇನ್ನೂ ನೋಯುತ್ತಿತ್ತು. ಸತ್ತದ್ದಕ್ಕೆ ನೀರೆರೆದಿದ್ದಳು. ದಿನಾ ಬರುತ್ತಿದ್ದ ಆ ಫೋನು ತನ್ನನ್ನು ವಿಚಾರಣೆ ಮಾಡಲಿಕ್ಕೆ ಎಂದು ಅಂಜಿದ್ದಳು. ಅವನು ತಾನು ಮಾಡಿದ್ದು ಎಲ್ಲಿಗೆ ಬಂತೆಂದು ನೋಡಿಕೊಳ್ಳುತ್ತಿದ್ದ.

— ನೀರು ಹಾಕೂದು ಸಾಲದ ನಾನ ಕೊಂದೆ ಅಂತ ತಿಳದಿದ್ನಿ, ಎಂದಳು.

— ಕೊಂದೆ ಅಂದ್ರ? ಸಿದ್ದಲಿಂಗೇಶ ಲಾನಿನ ಕಡೆ ಕೈ ಮಾಡಿದ. ಹಸಿರು ಐತೆಲ್ಲ ಕಣ್ಣಮುಂದ.

— ಬೂಟು ಕಳೀರಿ.

— ಯಾಕ?

— ಕಳೀರಿ. ಈಗ ಇಡ್ರಿ ಕಾಲು.

ಸಿದ್ದಲಿಂಗೇಶ ಬೂಟು ಕಳಚಿ ಬರಿಗಾಲು ಇಟ್ಟ. ಮಾರ್ಚ್ ತಿಂಗಳ ಬಿಸಿಲಿಗೆ ಪ್ಲಾಸ್ಟಿಕ್ ಕಾದ ಹಂಚಾಗಿತ್ತು. ಇಟ್ಟ ಕಾಲನ್ನು ಅಷ್ಟೇ ವೇಗದಲ್ಲಿ ತೆಗೆದ. ವಿರೂಪಾಕ್ಷಪ್ಪ ಕುಕ್ಕರುಗಾಲಲ್ಲಿ ಕುಳಿತು ಪೇರಲ ಗಿಡದ ಕಡೆಯ ಮೂಲೆಯನ್ನು ಎಳೆದು ನೋಡಿದ. ಹುಲ್ಲು ಕಂಬಳಿಯಂತೆ ಮೇಲೆದ್ದಿತು. ಕೆಳಗೆ ಬರಿ ಎರೆಮಣ್ಣು. ಇಲಾಖೆಯ ಇಬ್ಬರೂ ಆ ಮಣ್ಣನ್ನು ಬಹಳ ಹೊತ್ತು ಪರೀಕ್ಷೆ ಮಾಡಿದರು.

— ಪ್ಲಾಸ್ಟಿಕ್, ಎಂದ ಸಿದ್ದಲಿಂಗೇಶ.

— ಹೌದು.

— ನನಗ ಸುಳ್ಳು ಹೇಳಿದಿ ನೀ. ನಾ ಎರಡು ಪುಟ ಬರದೀನಿ.

— ಹೇಳೀನಿ. ನಿಮ್ಮ ಊಟ ಆದ ಮ್ಯಾಲ ಖರೆ ಹೇಳಾಕಿ ಇದ್ನಿ. ನೀವು ಯಾವ ಊಟ ಆದ ಮ್ಯಾಲ ಹೇಳಾವ್ರು ಇದ್ರಿ?

ಸಿದ್ದಲಿಂಗೇಶ ಡೈರಿ ಮುಚ್ಚಿ ಚೀಲದೊಳಗೆ ಹಾಕಿದ. ಹಾಕಿದ್ದನ್ನು ಇನ್ನೂ ಒಳಕ್ಕೆ ತುರುಕಿದ.

ವಿರೂಪಾಕ್ಷಪ್ಪ ಮಾತ್ರ ಮೇಲೇಳದೆ, ಹುಲ್ಲಿನ ಅಗಲವನ್ನು ಗೇಣಿನಿಂದ ಅಳೆಯುತ್ತಿದ್ದ.

— ವೈನಿ, ಇದು ಶನಿವಾರದೊಳಗ ನಮ್ಮ ಮನಿಗೂ ಸಿಗತೈತೇನ್ರಿ?

— ನಿಮಗ್ಯಾಕ್ರಿ ಇದು?

— ಉಳದ ಅರ್ಧ ಬಾಟ್ಲಿ ಇಂವ ನನಗ ಕೊಟ್ಟಿದ್ದ. ಚಲೋ ಟಾನಿಕ್ ಐತಿ, ಹೊಡಿ ಅಂದ. ಹೊಡದು ಎರಡು ದಿನದ ಮ್ಯಾಲ ನಾ ಬಾಟ್ಲಿ ಓದಿದೆ. ಶನಿವಾರ ನಮ್ಮಾಕಿ ನೀಲಗಂಗಾ ತಮ್ಮನ ಊರು ಮಾಗಡಿಯಿಂದ ಬರ್ತಾಳ.

— ನೀಲಗಂಗಾ ವೈನಿ ಶನಿವಾರ ಬರಂಗಿಲ್ರಿ.

— ನಿಮಗ್ಯಾರು ಹೇಳಿದ್ರು?

— ಅವರ ಹೇಳಿದ್ರು, ಮೊನ್ನೆ ಫೋನ್ ಮಾಡಿ. ಅನ್ನ ಬಸದ ಗಂಜಿ ಬಿಸಿಬಿಸಿದ ಲಾನಿಗೆ ಚೆಲ್ಲಿದ್ರಂತ. ವಾರ ಆಗೂದ್ರಾಗ ಹುಲ್ಲು ಸುಡಾಕ ಹತ್ತಿದ್ದು ನೋಡಿ, ನಿಮಗ ಏನೂ ಹೇಳದ ಮಾಗಡಿಗೆ ಹ್ವಾದ್ರಂತ. ನಿಮಗ ಮಾರಿ ತೋರ್ಸಾಕ ಧೈರ್ಯ ಇಲ್ಲ, ಇನ್ನ ಹದಿನೈದು ದಿನ ತಮ್ಮನ ಮನ್ಯಾಗ ಇದ್ದು ಬರ್ತೀನಿ ಅಂದ್ರು. ಭಾಳ ಅತ್ರು.

ಹೆಲ್ಮೆಟ್ಟಿನೊಳಗೆ ವಿರೂಪಾಕ್ಷಪ್ಪನ ಮುಖದಲ್ಲಿ ಮೊದಲು ಮರುಕ ಕಾಣಿಸಿತು. ಸ್ವಲ್ಪ ಹೊತ್ತಿಗೆ ಮರುಕ ಅಲ್ಲಿಂದ ಸರಿದು ಬೇರೇನೋ ಬಂದು ಕೂತಿತು. ಅದು ಏನೆಂದು ಸಿದ್ದಲಿಂಗೇಶನಿಗೆ ಕೂಡಲೇ ಗೊತ್ತಾಯಿತು. ಗೇಟಿನ ಆಚೆ ನಿಂತು ಹಸಿರು ನೋಡಿದಾಗ ತನ್ನ ಮುಖದಲ್ಲೂ ಅದೇ ಬಂದಿತ್ತು.

— ಅಂದ್ರ ಅಕಿ ತಾನ ಸುಟ್ಟೆ ಅಂತ ತಿಳಕೊಂಡಾಳ?

— ತಿಳಕೊಂಡಾರ.

— ಪಾಪ. ಅಕಿಗೆ ಹೇಳ್ರಿ ವೈನಿ, ನಾ ಏನೂ ಅನ್ನಂಗಿಲ್ಲ. ಹುಲ್ಲು ಹ್ವಾದ್ರ ಹೋಗ್ಲಿ. ನಾ ಎಲ್ಲಾ ಕ್ಷಮಾ ಮಾಡೀನಿ ಅಂತ ಹೇಳ್ರಿ.

— ದೊಡ್ಡ ಮನಸು ನಿಂದು, ಎಂದ ಸಿದ್ದಲಿಂಗೇಶ ರೂಢಿಯಂತೆ. ಎಂದವನು ಹೆಂಡತಿಯ ಮುಖ ನೋಡಿ, ಬಾಗಿ ಬೂಟಿನ ಲೇಸು ಕಟ್ಟತೊಡಗಿದ. ಬೂಟು ಕಾಲಲ್ಲಿರಲಿಲ್ಲ.

ಕಾಂಚನಾ ಎದ್ದು ಒಳಗೆ ಹೋಗಿ ಮೊಬೈಲು ತಂದಳು. ನಂಬರು ಒತ್ತಿ ಕಿವಿಗೆ ಹಿಡಿದಳು.

— ನೀಲಗಂಗಾ ವೈನಿ, ಅರಾಮ ಇದ್ದೀರಿ? ನಿಮ್ಮವರು ಇಲ್ಲೇ ನಮ್ಮ ಮನ್ಯಾಗ ಅದಾರ. ಲಾನಿನ ಸುದ್ದಿ ಏನೋ ನಿಮಗ ಹೇಳಬೇಕಂತ. ಅಳಬ್ಯಾಡ್ರಿ, ಕೊಡ್ತೀನಿ.

ಫೋನನ್ನು ವಿರೂಪಾಕ್ಷಪ್ಪನ ಕೈಗಿಟ್ಟು ಎದುರಿಗೇ ನಿಂತಳು. ಅವನು ಹೆಲ್ಮೆಟ್ ತೆಗೆದ. ಬೆವರು ಒರೆಸಿಕೊಂಡ. ಸಿದ್ದಲಿಂಗೇಶನನ್ನು ನೋಡಿದ, ಸಿದ್ದಲಿಂಗೇಶ ಪೇರಲ ಗಿಡದಲ್ಲಿ ಕಾಯಿ ಹುಡುಕುತ್ತಿದ್ದ. ಫೋನಿನಿಂದ ಅಳುತ್ತ ಮೂಗು ಎಳೆದುಕೊಳ್ಳುವ ಸದ್ದು, ಅದರ ನಡುವೆ "ಹೇಳ್ರಿ, ಏನ್ ಅಂತೀರಿ ಅನ್ರಿ" ಎಂಬ ಸಣ್ಣ ದನಿ.

— ಹಲೋ, ನೀಲಾ, ಎಂದ ವಿರೂಪಾಕ್ಷಪ್ಪ. ಮತ್ತ... ಮಾಗಡಿ ಕೆರ್ಯಾಗ ಪರದೇಶದ ಹಕ್ಕಿ ಇನ್ನ ಅದಾವೋ, ಹಾರಿ ಹ್ವಾದ್ವೋ?