ನಾಲ್ಕರಲ್ಲಿ ಎರಡು ಚಕ್ರ ಕಳೆದು

ನಮ್ಮ ಕಡೆ ದೊಡ್ಡ ಕಾಫಿ ತೋಟ ಇರುವವರ ಹೆಸರಿಗೆ ತೋಟದ ಹೆಸರೇ ತಲೆ. ಒಂದೂವರೆ ಎಕರೆಯ ನನ್ನಂಥವರು ಹೆಸರಿಗೊಂದು ಬಾಲವನ್ನಾದರೂ ಕಟ್ಟಿಕೊಳ್ಳಬೇಕಾಗುತ್ತದೆ. ನಾನು ಕಟ್ಟಿಕೊಂಡಿರುವುದು ಬಿ.ಎಸ್ಸಿ., ಬಿ.ಎಡ್. ಅವರಿವರ ತೋಟದಲ್ಲಿ ಕಾಫಿ ಹಣ್ಣು ಕುಯ್ದು ಅಮ್ಮ ಓದಿಸಿದ್ದು. ಗಣಿತದಲ್ಲಿ ಎರಡು ಸಲ ಡುಮ್ಕಿ ಹೊಡೆದು ನಾನು ಗಳಿಸಿದ್ದು. ನಮ್ಮ ವಂಶಕ್ಕೇ ಮೊದಲನೆಯದು. ಹಾಗಾಗಿ ಗೇಟಿನ ಬೋರ್ಡಿನಲ್ಲಿ ಹೆಸರಿಗಿಂತ ಬಾಲವನ್ನೇ ದಪ್ಪವಾಗಿ ಬರೆಸಿದ್ದೇನೆ. ನಾಚಿಕೆಯೇನೂ ಇಲ್ಲ.

ಗಾಡಿ ಕೊಳ್ಳುವಾಗಲೂ ನಾನು ಮೊದಲು ನೋಡಿದ್ದು ಬಾಲವನ್ನೇ. ಹೊಂಗಡಹಳ್ಳದ ಕಡೆಯ ತೋಟದವರೊಬ್ಬರು ಹತ್ತು ವರ್ಷ ಓಡಿಸಿದ ಗಾಡಿ ಅದು. ಹಿಂಬಾಗಿಲ ಮೇಲೆ ಬೆಳ್ಳಿ ಬಣ್ಣದಲ್ಲಿ ಎ.ಡಬ್ಲ್ಯು.ಡಿ. ಎಂಬ ಮೂರು ಅಕ್ಷರ. ಎಂಜಿನ್ನಿನ ಶಕ್ತಿ ನಾಲ್ಕು ಚಕ್ರಕ್ಕೂ ಹೋಗುತ್ತದೆ ಎಂದು ಅರ್ಥ. ಯಸಳೂರಿನಿಂದ ಒಳಗೆ, ಟಾರು ಮುಗಿದ ಮೇಲೆ ಶುರುವಾಗುವ ಕೆಮ್ಮಣ್ಣಿನ ಏರಿನ ತುದಿಯಲ್ಲಿ ನಮ್ಮ ಮನೆ. ಅಮ್ಮನ ಮಂಡಿ ಆ ಏರನ್ನು ಒಪ್ಪದಾಗಿ ವರ್ಷವಾಗಿತ್ತು. ಗಾಡಿ ತಂದದ್ದು ಅದಕ್ಕೇ. ಆ ಅಕ್ಷರಗಳ ಮೇಲೆ ನನಗೆ ಮೋಹವಿದ್ದದ್ದು ಬೇರೆ ಮಾತು.

ಅಮ್ಮನಿಗೆ ಹಾಸನದಲ್ಲಿ ಮಂಡಿಯ ಆಪರೇಷನ್ ಆದ ವಾರವೇ ಗಾಡಿಯ ಹಿಂಭಾಗ ಗೊಂಯ್ ಎನ್ನತೊಡಗಿತು. ಇಬ್ಬರಿಗೂ ಒಟ್ಟಿಗೇ ಕೀಲು ಸವೆದಿತ್ತು. ಸಕಲೇಶಪುರದ ಮೆಕ್ಯಾನಿಕ್ ನಾಗಣ್ಣ ಗಾಡಿಯಡಿಯಿಂದ ತಲೆ ಈಚೆ ಹಾಕಿ, "ಹಿಂದಿನ ಚಕ್ರಕ್ಕೆ ಶಕ್ತಿ ಹಂಚೋ ಡಿಫರೆನ್ಷಿಯಲ್ ಹೋಗ್ಬುಟ್ಟೈತೆ ಮೇಷ್ಟ್ರೇ. ಹೊಸದು ಹಾಕ್ಸೋ ದುಡ್ಡಿಗೆ ಇನ್ನೊಂದು ಹಳೇ ಗಾಡಿನೇ ಬತ್ತೈತೆ," ಎಂದ.

"ಮತ್ತೆ?"

"ಮಧ್ಯದ ಶಾಫ್ಟ್ ಬಿಚ್ಚಿಟ್ಬುಡಣ. ಮುಂದಿನ ಎರಡು ಚಕ್ರ ಎಳೀತವೆ, ಹಿಂದಿನವು ಸುಮ್ನೆ ಜೊತೇಲಿ ಬತ್ತವೆ. ಸಂಸಾರ ಇದ್ದಂಗೆ ಕಣ್ರೀ."

ಯಾರೋ ಬಂದು ಪದವಿ ವಾಪಸ್ ಕೇಳಿದಷ್ಟು ಸಂಕಟವಾಯಿತು. ಬೇರೆ ದಾರಿಯಿರಲಿಲ್ಲ, ಒಪ್ಪಿದೆ. ಬಿಚ್ಚಿದ ಶಾಫ್ಟನ್ನು ಗೋಡೆಗೆ ಒರಗಿಸಿ ನಾಗಣ್ಣ, "ಹಿಂದಿನ ಅಕ್ಷರಾನೂ ಕಿತ್ಬುಡ್ಲಾ?" ಎಂದು ಸ್ಕ್ರೂಡ್ರೈವರ್ ಎತ್ತಿದ.

"ಅದು ಇರ್ಲಿ ಮಾರಾಯ," ಎಂದೆ, ಸ್ವಲ್ಪ ಜೋರಾಗಿಯೇ.

ಮೂರನೇ ದಿನ ಅಮ್ಮನನ್ನು ಆಸ್ಪತ್ರೆಯಿಂದ ಕರೆತಂದೆ. ಮೂರು ವಾರ ನಡೆಸಿ ಏರು ಹತ್ತಿಸಲೇಬೇಡಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಆಲೂರು ದಾಟಿ ಯಸಳೂರಿನ ತನಕ ಗಾಡಿ ನಾಲ್ಕೂ ಚಕ್ರ ಎಳೆಯುತ್ತಿರುವಷ್ಟೇ ಗಂಭೀರವಾಗಿ ಬಂತು. ಹಿಂದಿನ ದಿನ ಮಳೆ ಬಿದ್ದಿತ್ತು. ನಮ್ಮ ಏರಿನ ಅರ್ಧಕ್ಕೆ ಮುಂದಿನ ಚಕ್ರಗಳು ನಿಂತಲ್ಲೇ ತಿರುಗಿ ಕೆಸರು ಎರಚಿದವು. ಕೆಳಕ್ಕೆ ಇಳಿಸಿ ಮತ್ತೆ ಹತ್ತಿಸಿದೆ. ಮತ್ತೆ ಅಲ್ಲೇ. ಪಕ್ಕದ ಎಸ್ಟೇಟಿನ ರೈಟರ್ ಈರಪ್ಪ, ಆಳುಗಳ ಹಾಜರಿ ಬರೆಯುವವನು, ಬೇಲಿ ದಾಟಿ ಬಂದ.

"ಕುರ್ಚಿ ತತ್ತೀನಿ ಮೇಷ್ಟ್ರೇ. ಅವ್ವನ್ನ ಕೂರ್ಸಿ ನಾಲ್ಕು ಜನ ಹೊತ್ಕಂಡು ಹೋಗ್ಬುಡಣ."

ಹಿಂದಿನ ಸೀಟಿನಿಂದ ಅಮ್ಮ ಹೇಳಿದಳು: "ನಾಲ್ಕು ಜನ ಹೊರೋ ಕಾಲ ಇನ್ನೂ ಬಂದಿಲ್ಲ ಕಣೋ ಈರಪ್ಪ. ಬಂದಾಗ ಹೇಳಿ ಕಳಿಸ್ತೀನಿ." ಆಮೇಲೆ ನನಗೆ: "ಗಾಡಿ ತಿರುಗ್ಸೋ. ಹಿಂದ್ ಹಿಂದಕ್ಕೆ ಹತ್ಸು."

"ಹಂಗೆಲ್ಲ ಆಗಲ್ಲಮ್ಮ."

"ಆಳುಗಳ ಲೈನ್ ಮನೆಗಳಿಗೆ ಬನ್ ಮಾರಕ್ಕೆ ಸಣ್ಣ ಕಾರಿನೋನೊಬ್ಬ ಬತ್ತಿದ್ನಲ್ಲ, ಮಳೆಗಾಲ್ದಾಗೆ ಹಂಗೇ ಹತ್ತುಸ್ತಿದ್ದ. ಆನೆ ಬಂದ್ರೆ ಸೀದಾ ಓಡಕ್ಕೆ ಅಂತ ನಾವೆಲ್ಲ ನಗಾಡ್ತಿದ್ವಿ. ಒಂದಿನಾನೂ ಹೂತ್ಕಂಡೋನಲ್ಲ."

ಅಮ್ಮನ ಸಮಾಧಾನಕ್ಕೆಂದು ಕೆಳಕ್ಕೆ ಇಳಿಸಿ ತಿರುಗಿಸಿದೆ. ರಿವರ್ಸ್ ಹಾಕಿ ಕತ್ತು ಹೊರಳಿಸಿದರೆ ಎದುರಿಗೆ ಅವಳದೇ ಮುಖ. ಚಕ್ರಗಳು ಒಮ್ಮೆ ಕೊಸರಿ, ನೆಲ ಕಚ್ಚಿದವು. ಗಾಡಿ ನಿಧಾನವಾಗಿ, ಎಲ್ಲೂ ನಿಲ್ಲದೆ ಮೇಲೇರಿತು. ಏರಿನ ನಡುವಿನ ಕಲ್ಲಿನ ತಿರುವು ದಾಟುವಾಗ ನನಗೆ ಹೊಳೆಯಿತು: ಏರಿನಲ್ಲಿ ಭಾರ ಕೆಳಗಿನ ಚಕ್ರಗಳ ಮೇಲೆ ಹೆಚ್ಚು ಬೀಳುತ್ತದೆ. ಶಕ್ತಿಯಿರುವ ಚಕ್ರಗಳೇ ಕೆಳಗಿದ್ದರೆ ನೆಲವನ್ನು ಬಿಗಿಯಾಗಿ ಹಿಡಿಯುತ್ತವೆ. ಒಂಬತ್ತನೇ ತರಗತಿಗೆ ಹದಿನಾಲ್ಕು ವರ್ಷದಿಂದ ನಾನೇ ಘರ್ಷಣೆಯ ಪಾಠ ಮಾಡುತ್ತಿದ್ದೇನೆ. ತಪ್ಪು ಬರೆದವರಿಗೆ ಸೊನ್ನೆ ಕೊಟ್ಟಿದ್ದೇನೆ.

ಅಮ್ಮ ಬಾಗಿಲಲ್ಲೇ ಇಳಿದಳು.

ಈಗ ಕೋಲು ಹಿಡಿದು ಗೇಟಿನ ತನಕ ನಡೆಯುತ್ತಾಳೆ. ಮಳೆ ಬಂದ ದಿನ ನಾನು ಶಾಲೆಯಿಂದ ಹಿಮ್ಮುಖವಾಗಿಯೇ ಮನೆ ಸೇರುತ್ತೇನೆ, ಆ ಮೂರು ಅಕ್ಷರಗಳು ನನಗಿಂತ ಮೊದಲು. ಮೊನ್ನೆ ಅಮ್ಮ ಕೋಲೆತ್ತಿ ಅವನ್ನು ತೋರಿಸಿದಳು.

"ಏನ್ಲಾ ಬರ್ದೈತೆ ಅಲ್ಲಿ?"

"ನಾಲ್ಕು ಚಕ್ರಾನೂ ಎಳೀತವೆ ಅಂತ."

"ಎರಡೇ ಅಲ್ವ ಎಳೆಯೋದು?"

ಅಮ್ಮ ಅಕ್ಷರಗಳನ್ನು ನೋಡಿದಳು, ಗೇಟಿನ ಬೋರ್ಡನ್ನು ನೋಡಿದಳು, ನನ್ನನ್ನು ನೋಡಿದಳು.

"ಇರ್ಲಿ ಬುಡು. ಮನೆಗಂತೂ ಬಂದು ಸೇರ್ತೈತಲ್ಲ."

ಮಾರನೆಯ ಬೆಳಿಗ್ಗೆ ಆ ಅಕ್ಷರಗಳನ್ನೂ ಬೋರ್ಡನ್ನೂ ಒಂದೇ ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಎರಡಕ್ಕೂ ಮೆತ್ತಿದ್ದದ್ದು ಅದೇ ಏರಿನ ಕೆಸರು.