ಗೌರಕ್ಕನ ಬೋಗುಣಿ

ಕೆಡುಕು ಮಾಡಿದವರ ಬಗ್ಗೆ ನನಗೆ ಅಂಥ ಚಿಂತೆಯಿಲ್ಲ. ಎರಡು ದಿನ ಮನಸ್ಸಿನಲ್ಲೇ ಬೈದುಕೊಂಡರೆ ಅವರ ಪಾಡು ಅವರಿಗೆ, ನನ್ನ ಪಾಡು ನನಗೆ. ನನ್ನ ನೆಮ್ಮದಿ ಕೆಡಿಸುವವರು ಒಳ್ಳೆಯದು ಮಾಡುವವರು. ಬಸ್ಸಿನಲ್ಲಿ ಯಾರಾದರೂ ಸರಿದು ಜಾಗ ಕೊಟ್ಟರೆ, ಕೂರುವ ಮೊದಲು ಸೀಟು ಒದ್ದೆಯಾಗಿದೆಯೇ ಎಂದು ಮುಟ್ಟಿ ನೋಡುವ ಜಾತಿ ನಾನು. ಇದು ಅಪ್ಪನಿಂದ ಬಂದ ಆಸ್ತಿ; ಬೇರೆ ಆಸ್ತಿ ಬರಲಿಲ್ಲವಾದ್ದರಿಂದ ಇದನ್ನೇ ಜೋಪಾನವಾಗಿ ಇಟ್ಟುಕೊಂಡಿದ್ದೇನೆ. ಒಮ್ಮೆ ಅಪ್ಪ ಜಗಳೂರಿನಿಂದ ನಮ್ಮೂರು ಬಿಳಿಚೋಡಿಗೆ ನಡೆದು ಬರುತ್ತಿದ್ದಾಗ ಪರಿಚಯದವರೊಬ್ಬರು ಕರೆದು ಸೈಕಲ್ಲಿನ ಹಿಂದೆ ಕೂರಿಸಿಕೊಂಡರಂತೆ. ಅರ್ಧ ದಾರಿಗೆ ಬಂದಾಗ ಅಪ್ಪ ಹಟ ಹಿಡಿದು ಇಳಿದು, ಅವರನ್ನು ಹಿಂದೆ ಕೂರಿಸಿ, ಉಳಿದರ್ಧ ತಾವೇ ತುಳಿಯಲು ಹೊರಟರು. ಅಪ್ಪನಿಗೆ ಸೈಕಲ್ ಸರಿಯಾಗಿ ಬರುತ್ತಿರಲಿಲ್ಲ. ಇಬ್ಬರೂ ಜಾಲಿ ಪೊದೆಗೆ ಬಿದ್ದರು. ಮನೆಗೆ ಬಂದು ಅಮ್ಮನ ಕೈಲಿ ಮುಳ್ಳು ತೆಗೆಸಿಕೊಳ್ಳುತ್ತ ಅಪ್ಪ ಹೇಳಿದ್ದು ಒಂದೇ ಮಾತು: "ಸದ್ಯ, ಯಾರ ಹಂಗೂ ಉಳೀಲಿಲ್ಲ ನೋಡು."

ನೌಕರಿಯೂ ಅದಕ್ಕೆ ತಕ್ಕ ಹಾಗೆಯೇ ಸಿಕ್ಕಿತು. ಆಗ ಸಿಮೆಂಟು ಅಂಗಡಿಯಲ್ಲಿ ಸುಮ್ಮನೆ ಸಿಗುತ್ತಿರಲಿಲ್ಲ; ಪರ್ಮಿಟ್ಟು ಬೇಕಾಗಿತ್ತು. ಹೊನ್ನಾಳಿಯ ಕಚೇರಿಯೊಂದರಲ್ಲಿ ಆ ಪರ್ಮಿಟ್ಟಿನ ಅರ್ಜಿ ತೆಗೆದುಕೊಳ್ಳುವ ಗುಮಾಸ್ತ ನಾನು. ಪರ್ಮಿಟ್ಟು ಕೊಡುವ ಅಧಿಕಾರ ನನಗೇನೂ ಇರಲಿಲ್ಲ, ಆದರೆ ಅದನ್ನು ಯಾರೂ ನಂಬುತ್ತಿರಲಿಲ್ಲ. ನನ್ನ ಆರೋಗ್ಯ ವಿಚಾರಿಸಿದವರೆಲ್ಲ ಎರಡನೇ ಮಾತಿಗೆ ತಳಪಾಯಕ್ಕೆ ಬರುತ್ತಿದ್ದರು, ಮೂರನೇ ಮಾತಿಗೆ ಹತ್ತು ಮೂಟೆಗೆ. ಹೀಗಾಗಿ "ಆರಾಮಿದೀರಾ ಸಾಹೇಬ್ರೆ?" ಎಂದು ಯಾರು ಕೇಳಿದರೂ ನನ್ನ ಕಿವಿಗೆ ಅದು ಅರ್ಜಿಯ ಮೊದಲ ಸಾಲಿನಂತೆಯೇ ಕೇಳಿಸುತ್ತಿತ್ತು.

ನನ್ನ ಹೆಂಡತಿ ಸರೋಜ ನ್ಯಾಮತಿಯ ಶಾಲೆಯಲ್ಲಿ ಟೀಚರು. ಅದಕ್ಕಾಗಿ ಮನೆ ನ್ಯಾಮತಿಯಲ್ಲಿ ಮಾಡಿದ್ದೆವು. ನಾನು ದಿನಾ ಬಸ್ಸಿನಲ್ಲಿ ಹೊನ್ನಾಳಿಗೆ ಹೋಗಿ ಬರುತ್ತಿದ್ದೆ. ಹೊಸ ಊರಿನಲ್ಲಿ ಸರೋಜಳಿಗೆ ಇದ್ದ ಗೆಳತಿ ಪಕ್ಕದ ಮನೆಯ ಗೌರಕ್ಕ ಒಬ್ಬಳೇ. ಗಂಡ ಹಾಲಪ್ಪ ಬೇಸಾಯಗಾರ. ಮಾತು ಕಡಿಮೆ, ಗಾಡಿ ಎತ್ತು ಚೆನ್ನಾಗಿದ್ದವು. ಆ ಬೇಸಿಗೆಯಲ್ಲಿ ಸರೋಜ ಕಾಮಾಲೆಯಾಗಿ ಮಲಗಿಬಿಟ್ಟಳು. ನನಗೆ ಅಡುಗೆ ಎಂದರೆ ನೀರು ಕಾಯಿಸುವುದು ಮಾತ್ರ ಗೊತ್ತು. ಅದೂ ಒಮ್ಮೊಮ್ಮೆ ಸೀಯುತ್ತಿತ್ತು. ಎರಡನೇ ದಿನವೇ ಗೌರಕ್ಕ ಸ್ಟೀಲ್ ಬೋಗುಣಿಯಲ್ಲಿ ಸರೋಜಳಿಗೆ ಗಂಜಿ, ಅದರ ಮೇಲೆ ತಟ್ಟೆ ಮುಚ್ಚಿ ನನಗೆ ಎರಡು ರೊಟ್ಟಿ, ಪಲ್ಯ ತಂದಿಟ್ಟಳು. ಬೋಗುಣಿಯ ಕಂಠದ ಮೇಲೆ "ಗೌರಮ್ಮ, ನ್ಯಾಮತಿ" ಎಂದು ಹೆಸರು ಕೊರೆಸಿತ್ತು. ಬೆಳಿಗ್ಗೆ, ಸಂಜೆ ತಪ್ಪದೆ ಮೂರು ವಾರ ಬಂತು. ಒಂದು ದಿನವೂ ಗಂಜಿ ತಣ್ಣಗಾಗಿರಲಿಲ್ಲ.

ನನಗೆ ಕಣ್ಣಲ್ಲಿ ನೀರು ಬರಬೇಕಿತ್ತು. ಬಂದದ್ದು ಅನುಮಾನ. ಬಂದ ಪಾತ್ರೆಯನ್ನು ಖಾಲಿ ಕಳಿಸಬಾರದೆಂಬುದು ನಮ್ಮ ಕಡೆಯ ಪದ್ಧತಿ. ಏನಿಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯಾದರೂ ಹಾಕಿ ಕೊಡುತ್ತಾರೆ. ಮೂರು ವಾರದ ಗಂಜಿಗೆ ಒಂದು ಚಿಟಿಕೆ ಸಕ್ಕರೆಯೇ? ನಾನು ಅಪ್ಪನ ಮಗ. ಹೊನ್ನಾಳಿ ಬಸ್ ಸ್ಟ್ಯಾಂಡಿನಲ್ಲಿ ಒಂದು ಡಜನ್ ಬಾಳೆಹಣ್ಣು ಕೊಂಡು ಬೋಗುಣಿಯಲ್ಲಿಟ್ಟು ಕೊಟ್ಟೆ. ಮರುದಿನ ಅದೇ ಬಾಳೆಹಣ್ಣು ರಸಾಯನವಾಗಿ ನಮ್ಮ ಮನೆಗೇ ವಾಪಸು ಬಂತು. ತೆಂಗಿನಕಾಯಿ ಕಳಿಸಿದೆ, ಚಟ್ನಿಯಾಗಿ ಬಂತು. ಬೆಲ್ಲ ಕಳಿಸಿದೆ, ಹೋಳಿಗೆಯಾಗಿ ಬಂತು. ನಾನು ಋಣ ತೀರಿಸಲು ಹೋದಷ್ಟೂ ಅದು ತುಪ್ಪ ಹಾಕಿಸಿಕೊಂಡು ದಪ್ಪವಾಗುತ್ತಿತ್ತು. ಇಷ್ಟು ಗಟ್ಟಿಯಾಗಿ ಕೊಡುತ್ತಿದ್ದಾರೆಂದರೆ ಕೇಳುವುದೂ ಗಟ್ಟಿಯಾದದ್ದೇ ಇರಬೇಕೆಂದು ನನಗೆ ಖಾತ್ರಿಯಾಯಿತು.

ಒಂದು ಸಂಜೆ ಬಸ್ಸಿಳಿದು ಬಂದರೆ ಗೌರಕ್ಕನ ಮನೆಯ ಮುಂದೆ ಒಂದು ಗಾಡಿ ಮರಳು! ನನಗೆ ಎಷ್ಟು ಸಂತೋಷವಾಯಿತೆಂದರೆ, ಕಳೆದುಹೋದ ಕೊಡೆ ಸಿಕ್ಕಿದ ಹಾಗಾಯಿತು. "ನೋಡು, ನಾನು ಹೇಳಿರಲಿಲ್ಲವಾ? ಮರಳು ಬಂತು, ಇನ್ನು ಸಿಮೆಂಟು" ಎಂದು ಸರೋಜಳಿಗೆ ಹೇಳಿದೆ. ಅವಳು ಆಗಷ್ಟೇ ಎದ್ದು ಓಡಾಡುತ್ತಿದ್ದಳು. "ಸುಮ್ನಿರಿ, ಎಲ್ಲರೂ ನಿಮ್ಮ ಕಚೇರಿಗೆ ಬರೋರಲ್ಲ" ಎಂದಳು. ಮೂರು ವಾರ ಹಾಸಿಗೆ ಹಿಡಿದವಳಿಗೆ ಲೋಕದ ವ್ಯವಹಾರ ಏನು ಗೊತ್ತು ಎಂದುಕೊಂಡೆ. ಆದರೆ ಕಾದು ಕೂರುವುದು ನನ್ನಿಂದ ಆಗದ ಕೆಲಸ. ಅವರಾಗಿ ಕೇಳುವ ಮೊದಲೇ ನಾನಾಗಿ ಕೊಟ್ಟುಬಿಟ್ಟರೆ ಮೇಲುಗೈ ನನ್ನದು. ಮರುದಿನ ಕಚೇರಿಯಿಂದ ಸಿಮೆಂಟು ಪರ್ಮಿಟ್ಟಿನ ಖಾಲಿ ಅರ್ಜಿಯೊಂದನ್ನು ತಂದು, ನಾಲ್ಕು ಮಡಿಕೆ ಮಡಚಿ, ಬೋಗುಣಿಯೊಳಗಿಟ್ಟು, ತಟ್ಟೆ ಮುಚ್ಚಿ ಗೌರಕ್ಕನ ಕೈಗೇ ಕೊಟ್ಟು ಬಂದೆ. ಪದ್ಧತಿಯೂ ಉಳಿಯಿತು, ಹಂಗೂ ಹರಿಯಿತು ಎಂದುಕೊಂಡೆ.

ಅರ್ಧ ಗಂಟೆಯಲ್ಲಿ ಗೌರಕ್ಕ ಆ ಕಾಗದ ಹಿಡಿದು ಬಂದಳು. ಸರೋಜ ಜಗಲಿಯ ಮೇಲೆ ಕೂತಿದ್ದಳು.

"ಸಾಹೇಬ್ರೆ, ಇದೇನ್ರಿ ಕಾಗದ? ನಮ್ಮನೇರು ಓದಿ ಸಿಮೆಂಟಿಂದು ಅಂದ್ರು. ನಮಗ್ಯಾತಕ್ರಿ?"

"ಮನೆ ಕಟ್ಟಿಸ್ತಿದ್ದೀರಲ್ಲ ಗೌರಕ್ಕ. ಮರಳು ನೋಡಿದೆ. ಸಂಕೋಚ ಬೇಡ, ತುಂಬಿಸಿ ಕೊಡಿ."

ಗೌರಕ್ಕ ಮರಳಿನ ಗುಡ್ಡೆಯನ್ನೂ ನನ್ನನ್ನೂ ಸರದಿಯಂತೆ ನೋಡಿದಳು. "ಅಯ್ಯೋ, ನಮ್ಮನಿ ಗಟ್ಟಿಮುಟ್ಟಾಗೈತ್ರಿ. ಮಳೆಗಾಲ ಬಂತಲ್ಲ, ನಿಮ್ಮ ಬಾಗ್ಲು ಮುಂದೆ ಬರೀ ರಾಡಿ. ಟೀಚರಮ್ಮ ಈಗ ಎದ್ದು ಓಡಾಡ್ತಾರೆ, ಜಾರಿ ಬಿದ್ರೆ ಹೆಂಗೆ ಅಂತ ನಮ್ಮನೇರು ಒಂದ್ ಗಾಡಿ ಮರಳು ತಂದ್ರು. ನಾಳೆ ನಿಮ್ಮನಿ ಮುಂದೆ ಹರಡಾಕೆ ಅಂತ ಇದೀವಿ."

ನಾನು ನಾಚಿಕೆಯಿಂದ ಸತ್ತೆ. ಆದರೂ ನಿಜ ಹೇಳಬೇಕು: ಆ ನಾಚಿಕೆಯ ನಡುವೆಯೂ ನನ್ನ ತಲೆಯಲ್ಲಿ ಮೊದಲು ಬಂದದ್ದು, 'ಹೋಯಿತು, ಈಗ ಇದರ ಮೇಲೆ ಒಂದು ಗಾಡಿ ಮರಳು!' ಎಂಬ ಸಂಕಟವೇ. ಗೌರಕ್ಕನ ಮುಖ ಸಣ್ಣದಾಗಿತ್ತು. ಆಮೇಲೆ ಮೂರು ದಿನ ಅವಳು ಬರಲಿಲ್ಲ. ಮರಳು ಮಾತ್ರ ಮರುದಿನವೇ ಬಂದು ನಮ್ಮ ಬಾಗಿಲಲ್ಲಿ ಹರಡಿಕೊಂಡಿತು. ಹಾಲಪ್ಪ ಸಲಿಕೆಯಿಂದ ಸಮ ಮಾಡಿ ಹೋದ. ಸರೋಜ ಕಿಟಕಿಯ ಬಳಿ ಕೂತು ಅತ್ತಳು. "ಈ ಊರಲ್ಲಿ ನನಗಿದ್ದವಳು ಅವಳೊಬ್ಬಳು. ಇಷ್ಟು ದಿನ ತಿಂದಿರಲ್ಲ, ಚೆನ್ನಾಗಿತ್ತು ಅಂತ ಒಂದು ದಿನವಾದರೂ ಹೇಳಿದ್ದೀರಾ?" ಎಂದಳು.

ಹೇಳಿರಲಿಲ್ಲ. ಬಾಳೆಹಣ್ಣು, ತೆಂಗಿನಕಾಯಿ, ಬೆಲ್ಲ ಎಲ್ಲ ಕೊಟ್ಟಿದ್ದೆ, ಅದೊಂದು ಬಿಟ್ಟು. ನಾಲ್ಕನೇ ದಿನ ಗೌರಕ್ಕನ ಅಡುಗೆಮನೆಯ ಬಾಗಿಲಲ್ಲಿ ನಿಂತು, ಶಾಲೆಯಲ್ಲಿ ಪದ್ಯ ಒಪ್ಪಿಸುವವನಂತೆ, "ಗೌರಕ್ಕ, ನಿಮ್ಮ ರೊಟ್ಟಿ ಬಹಳ ಚೆನ್ನಾಗಿತ್ತು. ಸರೋಜ ಎದ್ದು ಕೂತದ್ದು ನಿಮ್ಮಿಂದ" ಎಂದೆ.

ಗೌರಕ್ಕ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಇಷ್ಟು ಹೇಳಾಕೆ ಒಂದ್ ತಿಂಗ್ಳು ಬೇಕಾತೇನ್ರಿ? ನಾನು, ಸಾಹೇಬ್ರಿಗೆ ನಮ್ಮನಿ ಕೈರುಚಿ ಹಿಡ್ಸಂಗಿಲ್ಲ, ಅದಕ್ಕೇ ಹಣ್ಣು, ಕಾಯಿ, ಬೆಲ್ಲ ಕಳಿಸ್ತಾರೆ ಅಂದ್ಕಂಡಿದ್ದೆ" ಎಂದಳು. ಆಮೇಲೆ ಬಿಸಿ ರೊಟ್ಟಿಯೊಂದನ್ನು ತಟ್ಟೆಗೆ ಹಾಕಿ ಮುಂದೆ ತಳ್ಳಿ, "ಪಾತ್ರೆಗೆ ಸಕ್ಕರೆ ಹಾಕಾದು ತೀರ್ಸಾಕಲ್ರಿ. ತೀರಿಸಿಬಿಟ್ರೆ ಮತ್ತೆ ನಾ ಯಾವ ನೆಪ ಮಾಡಿ ನಿಮ್ಮನಿಗೆ ಬರ್ಲಿ? ಕೂತ್ಕಂಡು ತಿನ್ರಿ" ಎಂದಳು. ಅಂದು ನಾನು ಕೂತು ತಿಂದೆ. ಅವಳ ಹಂಗಿಗೆ ಬೀಳುತ್ತಿದ್ದೇನೆ ಅನ್ನಿಸದೆ ತಿಂದ ಮೊದಲ ರೊಟ್ಟಿ ಅದು.

ಕೆಲವು ವರ್ಷಗಳ ಮೇಲೆ ನಮಗೆ ಚನ್ನಗಿರಿಗೆ ವರ್ಗವಾಯಿತು. ಹೊರಡುವ ದಿನ ಗೌರಕ್ಕ ಅದೇ ಬೋಗುಣಿಯಲ್ಲಿ ಶೇಂಗಾ ಉಂಡೆ ತುಂಬಿ ಕೊಟ್ಟು, "ಇದನ್ನ ವಾಪಸ್ ಕಳಿಸ್ಬೇಡ್ರಿ" ಎಂದಳು. ಅದು ಈಗಲೂ ನಮ್ಮ ಮನೆಯಲ್ಲಿದೆ. ಚನ್ನಗಿರಿಯಲ್ಲಿ ನಮ್ಮ ಪಕ್ಕದ ಮನೆಯವರು ಅಡಿಕೆ ವ್ಯಾಪಾರದ ರುದ್ರಪ್ಪನವರು. ಒಂದು ಭಾನುವಾರ ಬೆಳಿಗ್ಗೆ ನಾನೇ ಆ ಬೋಗುಣಿ ತುಂಬ ಒಗ್ಗರಣೆ ಮಂಡಕ್ಕಿ ಒಯ್ದುಕೊಟ್ಟೆ. ರುದ್ರಪ್ಪನವರು ಮಂಡಕ್ಕಿ ನೋಡಿದರು, ನನ್ನನ್ನು ನೋಡಿದರು, ಬೆರಳಿನಿಂದ ಮಂಡಕ್ಕಿ ಸರಿಸಿ ತಳದಲ್ಲಿ ಏನಾದರೂ ಇದೆಯೇ ಎಂದೂ ನೋಡಿದರು. "ಏನ್ ಸಾಹೇಬ್ರೆ, ಏನಾರ ಕೆಲ್ಸ ಆಗ್ಬೇಕಿತ್ತಾ?" ಎಂದರು.

ನನಗೆ ನಿಜವಾಗಿಯೂ ನೋವಾಯಿತು. ಎಂಥ ಕಾಲ ಬಂತು! ಮನುಷ್ಯ ಮನುಷ್ಯನಿಗೆ ಒಂದು ಹಿಡಿ ಮಂಡಕ್ಕಿ ಕೊಡಬಾರದೆ? ಗೌರಕ್ಕನ ಮಾತುಗಳನ್ನೆಲ್ಲ ನನ್ನವೇ ಎನ್ನುವಂತೆ ಹೇಳಿದೆ. ರುದ್ರಪ್ಪನವರಿಗೆ ನಾಚಿಕೆಯಾಯಿತು. "ತಪ್ಪು ತಿಳ್ಕಂಡೆ, ಒಳಗ್ ಬರ್ರಿ, ಕೂತ್ಕಳ್ರಿ" ಎಂದು ಕೈಹಿಡಿದು ನಡುಮನೆಗೆ ಕರೆದೊಯ್ದರು. ನಾನು ಒಂದೇ ಕರೆಗೆ ಹೋದೆ. ಇಷ್ಟೆಲ್ಲ ಹೇಳಿದ ಮೇಲೆ ಇದೊಂದನ್ನು ಮುಚ್ಚಿಡುವುದು ಸರಿಯಲ್ಲ: ಅವರ ಮನೆಯ ಮೇಲೆ ಟಿ.ವಿ.ಯ ಆಂಟೆನಾ ಏರಿದ್ದು ಹಿಂದಿನ ಗುರುವಾರ. ಮಂಡಕ್ಕಿ ಮಾಡು ಎಂದು ನಾನು ಸರೋಜಳಿಗೆ ಹೇಳಿದ್ದು ಶುಕ್ರವಾರ. ಬೋಗುಣಿಯ ಮೇಲಿದ್ದ ಗೌರಕ್ಕನ ಹೆಸರನ್ನು ಗೋಡೆಯ ಕಡೆಗೆ ತಿರುಗಿಸಿಟ್ಟು, ಎಲ್ಲರಿಗಿಂತ ಮುಂದಿನ ಕುರ್ಚಿಯಲ್ಲಿ ಕೂತು ಕಾರ್ಯಕ್ರಮ ಮುಗಿಯುವವರೆಗೂ ನೋಡಿದೆ.