ಕಟ್ಟಡದ ಕಡತ ಕಾಯುವ ಕಷ್ಟ

ಬೆಂಕಿಗೆ ಹೆದರುವವರು ಲೋಕದಲ್ಲಿ ಬಹಳ ಮಂದಿ ಇದ್ದಾರೆ. ನಾನು ಹೆದರುವುದು ಬೆಂಕಿಗಲ್ಲ, ಬೆಂಕಿಯ ಕುರಿತ ಕಾಗದಕ್ಕೆ. ಮೊಳಕಾಲ್ಮೂರಿನ ಒಂದು ಖಾಸಗಿ ಶಾಲೆಯಲ್ಲಿ ನಾನು ಗುಮಾಸ್ತ. ಕಟ್ಟಡ ಗಟ್ಟಿಯಾಗಿದೆ ಎಂಬ ಎಂಜಿನಿಯರ್ ಪತ್ರ, ವೈರಿಂಗ್ ಪರೀಕ್ಷೆಯ ವರದಿ, ಬೆಂಕಿ ಆರಿಸುವ ಸಿಲಿಂಡರುಗಳ ರಸೀದಿ, ಎಲ್ಲವೂ ಒಂದು ದಪ್ಪ ಕಡತದಲ್ಲಿವೆ. ಆ ಕಡತ ಕಾಯುವ ಭಾರ ನನ್ನ ಎದೆಯ ಮೇಲಿದೆ. ಸಂಜೆ ಚಳ್ಳಕೆರೆಯ ಮನೆಗೆ ಹೊರಟ ಬಸ್ಸು ಊರು ದಾಟುವುದರೊಳಗೆ ಕಡತವಿರುವ ಬೀರುವಿಗೆ ಬೀಗ ಹಾಕಿದೆನೋ ಇಲ್ಲವೋ ಎಂಬ ಹುಳ ತಲೆಗೆ ಹೊಗುತ್ತದೆ. ಮನೆ ಸೇರುವವರೆಗೆ ಅಟೆಂಡರ್ ಓಬಯ್ಯನಿಗೆ ಮೂರು ಸಲವಾದರೂ ಫೋನು. "ಮನೇಲಿ ಗ್ಯಾಸ್ ಆಫ್ ಮಾಡಿದೀಯಾ ಅಂತ ಒಂದಿನ ಕೇಳಿದೋರಲ್ಲ ನೀವು" ಎಂದು ನನ್ನ ಹೆಂಡತಿ ಹಂಗಿಸುತ್ತಾಳೆ. ಅವಳು ಹೇಳುವುದು ನಿಜವೇ.

ನನ್ನ ಈ ಚಡಪಡಿಕೆಗೆ ಮೂಲ ಗೆದ್ದಲು. ಮೊದಲು ಕಡತ ಕೆಳಗಿನ ಆಫೀಸಿನಲ್ಲಿತ್ತು. ಒಂದು ಮಳೆಗಾಲ ತೆಗೆದು ನೋಡಿದರೆ ಎಂಜಿನಿಯರರ ಪತ್ರ ಅರ್ಧ ಮಾತ್ರ ಉಳಿದಿತ್ತು. ಅದರ ನಕಲಿಗಾಗಿ ತಿಂಗಳುಗಟ್ಟಲೆ ಚಿತ್ರದುರ್ಗಕ್ಕೆ ಅಲೆದ ಮೇಲೆ ಇಡೀ ಶಾಲೆಯನ್ನು ಸುತ್ತಿ, ಗೆದ್ದಲು ಸುಳಿಯದ ಒಂದು ಜಾಗ ಹುಡುಕಿದೆ. ಮಹಡಿಯ ಹಿಂದಿನ ಮೆಟ್ಟಿಲಿನ ಬಾಯಿ. ಸಿಮೆಂಟು ನೆಲ, ಒಳ್ಳೆ ಗಾಳಿ. ಕಬ್ಬಿಣದ ಬೀರುವನ್ನು ಅಲ್ಲಿಗೆ ಹೊರಿಸಿದೆ. ಗೋಡೆಯ ಮೇಲಿದ್ದ 'ತುರ್ತು ನಿರ್ಗಮನ' ಎಂಬ ಬರಹದಲ್ಲಿ 'ತುರ್ತು' ಮಾತ್ರ ಕಾಣುತ್ತಿತ್ತು. ಆಯುಧಪೂಜೆಗೆ ಓಬಯ್ಯ ಆ ಬೀರುವಿಗೂ ವಿಭೂತಿ ಬಳಿದು, ಕುಂಕುಮವಿಟ್ಟು, ಕುಂಬಳಕಾಯಿ ಒಡೆಯುತ್ತಿದ್ದ. ಹೀಗೇ ಮೂರು ವರ್ಷ ಸುಖವಾಗಿ ಕಳೆದವು.

ಹೋದ ತಿಂಗಳು ತಪಾಸಣೆಯ ಅಧಿಕಾರಿ ಬಂದರು. ಕಡತ ತಿರುವಿ ಹಾಕಿ, "ಇಷ್ಟು ಅಚ್ಚುಕಟ್ಟಾದ ಫೈಲು ನಾನು ಎಲ್ಲೂ ನೋಡಿಲ್ರಿ" ಎಂದರು. ನಾನು ಉಬ್ಬಿಹೋದೆ. ಮರುಕ್ಷಣವೇ, "ಹಿಂದಿನ ಮೆಟ್ಟಿಲು ಎಲ್ಲೈತ್ರಿ?" ಎಂದರು. ನಾನು ಬೀರುವಿನ ಕಡೆ ನೋಡಿದೆ. ಅವರೂ ನೋಡಿದರು.

"ಹಿಂದಿನ ಮೆಟ್ಟಿಲು ಸದಾ ತೆರೆದಿರುತ್ತದೆ ಅಂತ ನೀವೇ ಬರೆದು, ವರ್ಷಾ ವರ್ಷಾ ಸಹಿ ಹಾಕೀರಲ್ಲ!"

ಹಾಕಿದ್ದೆ. ಅದೇ ಬೀರುವಿಗೆ ಒರಗಿ ನಿಂತು ಹಾಕಿದ್ದೆ. ಬರೆಯುವಾಗ ನನ್ನ ಗಮನವೆಲ್ಲ ಅಕ್ಷರ ದುಂಡಗೆ ಬರಲಿ ಎಂಬುದರ ಮೇಲಿತ್ತು. ನಾಚಿಕೆಯಿಂದ ನನಗೆ ನೆಲ ಬಾಯಿಬಿಡಬಾರದೇ ಅನಿಸಿತು. "ಮೂರು ಗಂಟೆಗೆ ಬೆಲ್ ಹೊಡೆಸ್ತೀನಿ. ಬೆಂಕಿ ಬಿದ್ದೈತೆ ಅಂತ ತಿಳ್ಕೊಂಡು ಎರಡೂ ಮೆಟ್ಟಿಲಿಂದ ಎಲ್ರೂ ಇಳೀಬೇಕು. ಇಲ್ಲಾಂದ್ರೆ ಮಹಡಿಗೆ ಬೀಗ" ಎಂದು ಅಧಿಕಾರಿ ಊಟಕ್ಕೆ ಹೋದರು. ಮಹಡಿಯಲ್ಲಿ ಐದು ತರಗತಿಗಳಿವೆ. ಬೀಗ ಬಿದ್ದರೆ ಅಷ್ಟೂ ಮಕ್ಕಳು ಈ ಸೀಮೆಯ ಬಿಸಿಲಲ್ಲಿ ಬಯಲಲ್ಲಿ ಕೂರಬೇಕು.

ಬೀರು ಹಿಡಿಯೆಂದರೆ ಓಬಯ್ಯ ಕೈಕಟ್ಟಿ ನಿಂತ. "ಇವತ್ತು ಅಮಾಸೆ ಸ್ವಾಮಿ. ಪೂಜೆ ಮಾಡಿರೋ ಬೀರು, ಕದಲಿಸಬಾರ್ದು."

ಹೆಡ್ಮಿಸ್ಟ್ರೆಸ್ ಸರೋಜಮ್ಮ ಮೇಡಂ ಸೆರಗು ಸಿಕ್ಕಿಸಿಕೊಂಡೇ ಬಂದರು. "ನಾಳೆ ಮಕ್ಳು ಬಯಲಾಗೆ ಕೂತ್ರೆ ನಿನ್ನ ಅಮಾಸೆ ನೆಳ್ಳು ಕೊಡ್ತೈತೇನೋ? ಹಿಡಿಯೋ ಸುಮ್ನೆ!"

ಓಬಯ್ಯ ಕರ್ಪೂರ ಹಚ್ಚಿ, ಬೀರುವಿನ ಹತ್ತಿರ ತಪ್ಪಾಯಿತೆಂದು ಗಲ್ಲ ಬಡಿದುಕೊಂಡು, ಆಮೇಲೆ ಕೈ ಹಚ್ಚಿದ. ಮೇಷ್ಟ್ರುಗಳೂ ಸೇರಿ ದಬ್ಬಿ, ಅದನ್ನು ಪಕ್ಕದ ತರಗತಿಯ ಮೂಲೆಗೆ ಸೇರಿಸುವಷ್ಟರಲ್ಲಿ ಬೆಲ್ ಹೊಡೆಯಿತು.

ಮಕ್ಕಳು ಚಿನ್ನದಂಥವರು. ದೊಡ್ಡವರು ಚಿಕ್ಕವರ ಕೈಹಿಡಿದು, ಗದ್ದಲವಿಲ್ಲದೆ ಎರಡೂ ಮೆಟ್ಟಿಲುಗಳಲ್ಲಿ ಸಾಲಾಗಿ ಇಳಿದರು. ಅದನ್ನು ನೋಡಿ ನನ್ನ ಕಣ್ಣು ತುಂಬಿ ಬಂತು. ನಾನೂ ಅವರ ಹಿಂದೆ ಅರ್ಧ ಮೆಟ್ಟಿಲು ಇಳಿದಿದ್ದೆ. ಆಗ ಆ ಹಾಳು ಹುಳ ತಲೆಗೆ ಹೊಕ್ಕಿತು: ಬೀರುವಿಗೆ ಬೀಗ ಹಾಕಿಲ್ಲ, ನಿಜವಾಗಿ ಬೆಂಕಿ ಬಿದ್ದಿದ್ದರೆ ಕಡತದ ಗತಿಯೇನು? ಕಾಲು ತಾನಾಗಿ ಹಿಂದಕ್ಕೆ ತಿರುಗಿತು. ಕಡತವನ್ನು ಎದೆಗವಚಿಕೊಂಡು ಮಹಡಿಯ ಕಿಟಕಿಯಿಂದ ಇಣುಕುತ್ತೇನೆ, ಇಡೀ ಶಾಲೆ ಅಂಗಳದಲ್ಲಿ ನಿಂತು ನನ್ನನ್ನೇ ನೋಡುತ್ತಿದೆ. "ಅಯ್ಯೋ ಸ್ವಾಮಿ, ಇಳೀರಿ ಕೆಳಗೆ!" ಎಂದು ಓಬಯ್ಯ ಬಾಯಿ ಬಡಿದುಕೊಳ್ಳುತ್ತಿದ್ದ. ಅಧಿಕಾರಿ ಗಡಿಯಾರ ನೋಡಿ ಏನೋ ಬರೆದುಕೊಂಡರು.

ವರದಿ ಮೊನ್ನೆ ಬಂತು. ಮಹಡಿಗೆ ಬೀಗವಿಲ್ಲ. ಮೆಟ್ಟಿಲು ಸರಿ, ಸಿಲಿಂಡರು ಸರಿ, ಮಕ್ಕಳೆಲ್ಲ ಸುರಕ್ಷಿತ. ಕೊನೆಯಲ್ಲಿ ಒಂದೇ ಸಾಲು: 'ಅಣಕು ಬೆಂಕಿಯಲ್ಲಿ ಮೃತಪಟ್ಟವರು ಒಬ್ಬರು, ಗುಮಾಸ್ತರು.' ಕಾಗದ ಮುದುಡದಂತೆ ತೂತು ಹಾಕಿ, ಪುಟದ ಸಂಖ್ಯೆ ಬರೆದು ಕಡತಕ್ಕೆ ಸೇರಿಸಿದ್ದೇನೆ. ಇನ್ನು ನಾನು ಸತ್ತ ದಾಖಲೆಯನ್ನೂ ಗೆದ್ದಲು ತಿನ್ನದಂತೆ ನಾನೇ ಕಾಯಬೇಕು.